ಗುಂಡಿಗೆ ಬಿದ್ದ ಚಕ್ರ: 34,700 ರೂಪಾಯಿ ಎಸ್ಟಿಮೇಟ್‌ನಲ್ಲಿ ಬೇಕಾದ್ದೆಷ್ಟು, ಬೇಡದ್ದೆಷ್ಟು?

ಪ್ರಶ್ನೆ: ಸರ್, ನಮ್ಮದು ಹಾಸನ. ಕಳೆದ ತಿಂಗಳು ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟ್‌ನಲ್ಲಿ, ದೋಣಿಗಲ್ ದಾಟಿದ ಮೇಲೆ, ನೀರು ತುಂಬಿದ ಗುಂಡಿಗೆ ಎಡಗಡೆಯ ಮುಂದಿನ ಚಕ್ರ ಬಿತ್ತು. ಜೋರಾಗಿ ಶಬ್ದ ಬಂತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಪೂರ್ತಿ ಇಳಿದಿತ್ತು. ಸ್ಟೆಪ್ನಿ ಹಾಕಿಕೊಂಡು ಮಂಗಳೂರು ಸೇರಿದೆವು. ಅಲ್ಲಿ ಪಂಕ್ಚರ್ ಅಂಗಡಿಯವರು ಅಲಾಯ್ ವೀಲ್‌ನ ಒಳಗಿನ ಅಂಚು ಬಗ್ಗಿದೆ ಎಂದು ಸುತ್ತಿಗೆಯಲ್ಲಿ ಬಡಿದು ಸರಿ ಮಾಡಿದರು. ಟೈರ್ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಬಂದಿತ್ತು, ಅದಕ್ಕೆ ಒಳಗೆ ಟ್ಯೂಬ್ ಹಾಕಿ "ಇನ್ನೇನೂ ಆಗಲ್ಲ, ಓಡಿಸಿ" ಎಂದರು. ಈಗ 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಶೋರೂಮ್‌ನವರು 34,700 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೊಸ ಅಲಾಯ್ 11,800, ಟೈರ್ ಎರಡು ಸೇರಿ 14,800, ಲೋವರ್ ಆರ್ಮ್ 3,900, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,400, ಲೇಬರ್ 2,200, ಇತರೆ 600. ಇಲ್ಲಿನ ಇನ್ನೊಂದು ಅಂಗಡಿಯವರು ಅಲಾಯ್ ಅನ್ನು 1,500ಕ್ಕೆ ರಿಪೇರಿ ಮಾಡುತ್ತೇವೆ ಎನ್ನುತ್ತಾರೆ. ಕಾರು 2022ರ ಆಗಸ್ಟ್‌ನದು, 1,200 ಸಿಸಿ ಪೆಟ್ರೋಲ್, 34 ಸಾವಿರ ಕಿಲೋಮೀಟರ್ ಓಡಿದೆ, ಟೈರ್ 195/55 ಆರ್16. ಸ್ಟೆಪ್ನಿ 15 ಇಂಚಿನ ಕಬ್ಬಿಣದ ರಿಮ್. ಇದುವರೆಗೆ ಇನ್ಶೂರೆನ್ಸ್ ಕ್ಲೈಮ್ ಮಾಡಿಲ್ಲ. ಯಾರ ಮಾತು ನಂಬಲಿ? ಕ್ಲೈಮ್ ಮಾಡಬಹುದಾ?

ಉತ್ತರ:

ಉಳಿದದ್ದೆಲ್ಲ ಆಮೇಲೆ. ಮೊದಲು ಆ ಟ್ಯೂಬ್ ಹಾಕಿದ ಟೈರನ್ನು ಇವತ್ತೇ ಬಿಚ್ಚಿ, ಸ್ಟೆಪ್ನಿ ಹಾಕಿ. ಸ್ಟೆಪ್ನಿ ಮೇಲೆ ಗಂಟೆಗೆ 80 ಕಿ.ಮೀ. ವೇಗಮಿತಿಯ ಸ್ಟಿಕ್ಕರ್ ಇದ್ದರೆ ಅದರೊಳಗೇ ಓಡಿಸಿ, ರಿಪೇರಿ ಆಗುವವರೆಗೆ ಘಾಟ್ ಕಡೆ ಹೋಗಬೇಡಿ. ಬಿಚ್ಚಿದ ಮೇಲೆ ಈ ಉತ್ತರ ನಿಧಾನವಾಗಿ ಓದಿ.

ನಿಮ್ಮ ಪತ್ರ ಓದಿದರೆ ಎರಡು ಭಯ ಕಾಣುತ್ತದೆ. ಶೋರೂಮ್‌ನವರು ಸುಮ್ನೆ ದುಡ್ಡು ಕೀಳುತ್ತಿದ್ದಾರಾ ಅನ್ನೋದು ಒಂದು. ಕಡಿಮೆ ಖರ್ಚಿನಲ್ಲಿ ಮುಗಿಸಿದರೆ ಮುಂದೆ ಎಲ್ಲಾದರೂ ಟೈರ್ ಸಿಡಿಯುತ್ತದಾ ಅನ್ನೋದು ಇನ್ನೊಂದು. ಎರಡೂ ನ್ಯಾಯವಾದ ಭಯವೇ. ಮಂಗಳೂರಿನ ಅಂಗಡಿಯವರು ಉಳಿಸಬಾರದ ಕಡೆ ಉಳಿಸಿದ್ದಾರೆ, ಶೋರೂಮ್‌ನವರು ನೋಡದೆಯೇ ಎಲ್ಲವನ್ನೂ ಬದಲಾಯಿಸಲು ಹೊರಟಿದ್ದಾರೆ. ಹಾಗಾಗಿ ಒಟ್ಟು ಮೊತ್ತ ನೋಡಿ ಜಾಸ್ತಿ ಕಮ್ಮಿ ಅಂತ ತೀರ್ಮಾನ ಮಾಡುವ ಬದಲು ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ ನೋಡೋಣ.

ಟೈರ್ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ. ಅದು ಮುಗಿಯಿತು. ಯಾಕೆ ಅಂತ ಹೇಳುತ್ತೇನೆ. ಕಾರಿನ ರೇಡಿಯಲ್ ಟೈರ್‌ನಲ್ಲಿ ರಸ್ತೆಗೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಯ ಬೆಲ್ಟ್‌ಗಳಿರುತ್ತವೆ, ಅಲ್ಲಿ ಅದು ಗಟ್ಟಿ. ಪಕ್ಕದ ಗೋಡೆಯಲ್ಲಿ, ನಾವು ಸೈಡ್‌ವಾಲ್ ಅನ್ನುವ ಕಡೆ, ಉಕ್ಕು ಇಲ್ಲ. ಪಾಲಿಯೆಸ್ಟರ್ ದಾರದ ಒಂದೋ ಎರಡೋ ಪದರ, ಅದರ ಮೇಲೆ ರಬ್ಬರ್, ಅಷ್ಟೇ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಟೈರ್ ಪೂರ್ತಿ ಅಪ್ಪಚ್ಚಿಯಾಗಿ, ಒಂದು ಕಡೆ ಡಾಂಬರಿನ ಅಂಚು, ಇನ್ನೊಂದು ಕಡೆ ರಿಮ್ಮಿನ ಅಂಚು, ಎರಡರ ಮಧ್ಯೆ ಸೈಡ್‌ವಾಲ್ ಸಿಕ್ಕಿಕೊಂಡು ಒಳಗಿನ ದಾರ ತುಂಡಾಗುತ್ತದೆ. ರಬ್ಬರ್ ಮಾತ್ರ ಉಳಿಯುತ್ತದೆ. ದಾರ ಇಲ್ಲದ ಕಡೆ ಒಳಗಿನ 33 ಪಿಎಸ್‌ಐ ಒತ್ತಡ ರಬ್ಬರನ್ನು ಹೊರಗೆ ತಳ್ಳುತ್ತದೆ. ನಿಮಗೆ ಕಾಣುವ ನಿಂಬೆಹಣ್ಣು ಅದೇ. ಚಕ್ರ ಪ್ರತಿ ಸುತ್ತು ತಿರುಗಿದಾಗಲೂ ಆ ಜಾಗ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಪಕ್ಕದ ದಾರಗಳೂ ಒಂದೊಂದಾಗಿ ಬಿಡುತ್ತಾ ಹೋಗುತ್ತವೆ.

ಟ್ಯೂಬ್ ಹಾಕಿದರೆ ತುಂಡಾದ ದಾರ ಕೂಡಿಕೊಳ್ಳುವುದಿಲ್ಲ, ಅಲ್ವಾ? ಗಾಳಿ ಸೋರುವುದು ನಿಲ್ಲುತ್ತದೆ, ಗೋಡೆ ಇನ್ನೂ ಸೋತೇ ಇರುತ್ತದೆ. ಇನ್ನೊಂದು ತೊಂದರೆಯೂ ಇದೆ. ಟ್ಯೂಬ್‌ಲೆಸ್ ಟೈರ್‌ನ ಒಳಮೈ ಟ್ಯೂಬ್‌ಗೆಂದು ಮಾಡಿದ್ದಲ್ಲ. ಓಡುವಾಗ ಟ್ಯೂಬ್ ಅದಕ್ಕೆ ಉಜ್ಜಿ ಬಿಸಿಯಾಗುತ್ತದೆ, ನಿಮ್ಮ 55ರಂಥ, ಅಂದರೆ ಅಗಲದ ಶೇ 55ರಷ್ಟೇ ಎತ್ತರದ ಕುಳ್ಳ ಸೈಡ್‌ವಾಲ್ ಇರುವ ಟೈರ್‌ನಲ್ಲಿ ಇನ್ನೂ ಜಾಸ್ತಿ. ಟ್ಯೂಬ್‌ಲೆಸ್‌ಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಪಕ್ಕಕ್ಕೆ ನಿಲ್ಲಿಸಲು ಸಮಯ ಸಿಗುತ್ತದೆ. ಟ್ಯೂಬ್ ಒಡೆದರೆ ಒಂದೇ ಸಲಕ್ಕೆ ಖಾಲಿ. "ಹಿಂದಿನ ಚಕ್ರಕ್ಕೆ ಹಾಕಿ ಸರ್, ಭಾರ ಕಮ್ಮಿ" ಎನ್ನುವವರೂ ಇದ್ದಾರೆ. ಹಿಂದಿನ ಟೈರ್ ಸಿಡಿದರೆ ಕಾರು ಅಡ್ಡ ತಿರುಗುತ್ತದೆ, ಅದನ್ನು ಹಿಡಿತಕ್ಕೆ ತರುವುದು ಮುಂದಿನದು ಸಿಡಿದಾಗಿನಕ್ಕಿಂತ ಕಷ್ಟ. ಇನ್ನು ಸೈಡ್‌ವಾಲ್‌ಗೆ ಒಳಗಿಂದ ಬಿಸಿ ಪ್ಯಾಚ್ ಹಾಕುತ್ತೇವೆ ಎನ್ನುವ ಅಂಗಡಿಗಳು. ಲಾರಿ, ಟ್ರ್ಯಾಕ್ಟರ್ ಟೈರ್‌ಗಳಿಗೆ ಆ ಕೆಲಸ ಮಾಡಿ ಅವರಿಗೆ ಅಭ್ಯಾಸ ಇರುತ್ತದೆ. ಕಾರಿನ ಟೈರ್‌ಗೆ ಅದು ಬೇಡ. ಎಷ್ಟೇ ಚೆನ್ನಾಗಿ ಅಂಟಿಸಿದರೂ ಆ ತೆಳು ಗೋಡೆ ಮಡಚುವ ಜಾಗದಲ್ಲಿ ಪ್ಯಾಚ್ ನಿಲ್ಲುವುದಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು, ಯಾಕೆಂದರೆ ತುಂಬಾ ಜನ ಇದನ್ನು ಉಲ್ಟಾ ತಿಳಿದುಕೊಂಡು ಒಳ್ಳೆ ಟೈರ್ ಎಸೆಯುತ್ತಾರೆ. ಸೈಡ್‌ವಾಲ್‌ನಲ್ಲಿ ಒಳಕ್ಕೆ ತಗ್ಗಿದ, ಉದ್ದಕ್ಕೆ ಗೆರೆಯಂಥ ಗುರುತು ಕಂಡರೆ ಅದು ಹಾನಿಯಲ್ಲ. ಟೈರ್ ಮಾಡುವಾಗ ದಾರದ ಪದರದ ಎರಡು ತುದಿ ಒಂದರ ಮೇಲೊಂದು ಬಂದ ಕಡೆ ದಾರ ದುಪ್ಪಟ್ಟಾಗಿರುತ್ತದೆ, ಆ ಜಾಗ ಕಡಿಮೆ ಹಿಗ್ಗುತ್ತದೆ, ಅದಕ್ಕೆ ತಗ್ಗಾಗಿ ಕಾಣುತ್ತದೆ. ತಗ್ಗಿದ್ದರೆ ಚಿಂತೆ ಬೇಡ. ಹೊರಗೆ ಉಬ್ಬಿದ್ದರೆ ಮಾತ್ರ ಟೈರ್ ಹೋಯಿತು ಅಂತ ಅರ್ಥ. ಉಬ್ಬು ಕೆಲವೊಮ್ಮೆ ಅದೇ ದಿನ ಕಾಣದೆ ಒಂದೆರಡು ವಾರ ಬಿಟ್ಟು ಹೊರಬರುತ್ತದೆ, ಒಳಬದಿಯ ಗೋಡೆಯಲ್ಲಿ ಬಂದರೆ ನಿಂತು ನೋಡಿದರೆ ಕಾಣುವುದೂ ಇಲ್ಲ. ನಿಮ್ಮ ಎಡಗಡೆಯ ಹಿಂದಿನ ಚಕ್ರವೂ ಅದೇ ಗುಂಡಿಯಲ್ಲಿ ಇಳಿದು ಎದ್ದಿರುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿದಾಗ ಅದರ ಒಳಬದಿಯನ್ನೂ ಟಾರ್ಚ್ ಹಾಕಿ ನೋಡಲು ಹೇಳಿ.

(ಬರೀ ಮೊಳೆ ಪಂಕ್ಚರ್ ಆಗಿದ್ದರೆ ಕಥೆ ಬೇರೆ. ರಸ್ತೆಗೆ ತಾಗುವ ಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಾದರೆ ಆರಾಮಾಗಿ ರಿಪೇರಿ ಆಗುತ್ತದೆ. ಹೊರಗಿಂದ ಚುಚ್ಚುವ ಸ್ಟ್ರಿಪ್‌ಗೆ 100ರಿಂದ 200, ಟೈರ್ ಬಿಚ್ಚಿ ಒಳಗಿಂದ ಹಾಕುವ ಮಶ್ರೂಮ್ ಪ್ಯಾಚ್‌ಗೆ ಸುಮಾರು 300ರಿಂದ 600. ಹೈವೇ ಓಡಾಟ ಇರುವವರು ಎರಡನೆಯದನ್ನೇ ಹಾಕಿಸಿ.)

ಈಗ ರಿಮ್. ಇಡೀ ಎಸ್ಟಿಮೇಟ್‌ನಲ್ಲಿ ನಿಜವಾಗಿ ಯೋಚನೆ ಮಾಡಬೇಕಾದ್ದು ಇದೊಂದೇ.

"ಅಲಾಯ್ ಒಮ್ಮೆ ಬಗ್ಗಿದರೆ ಗುಜರಿಗೇ" ಅಂತ ಶೋರೂಮ್‌ನವರು ಹೇಳುತ್ತಾರೆ. "ಏನೇ ಆಗಿರಲಿ ತನ್ನಿ, ಹೊಸದರ ಥರ ಮಾಡಿಕೊಡ್ತೀವಿ" ಅಂತ ರಿಪೇರಿ ಅಂಗಡಿಯವರು ಹೇಳುತ್ತಾರೆ. ಎರಡೂ ಪೂರ್ತಿ ನಿಜ ಅಲ್ಲ. ಎಲ್ಲಿ ಬಗ್ಗಿದೆ, ಎಷ್ಟು ಬಗ್ಗಿದೆ, ಬಿರುಕು ಇದೆಯಾ ಇಲ್ಲವಾ, ಈ ಮೂರರ ಮೇಲೆ ನಿಂತಿದೆ. ಅಲಾಯ್ ವೀಲ್‌ನ ಕಡ್ಡಿಗಳು, ಅಂದರೆ ಸ್ಪೋಕ್‌ಗಳು, ಹೊರಮುಖದ ಕಡೆ ಇರುತ್ತವೆ. ಹೊರಗಿನ ಅಂಚಿಗೆ ಅವುಗಳ ಆಸರೆ ಇದೆ. ಒಳಗಿನ ಅಂಚಿಗೆ ಏನೂ ಆಸರೆ ಇಲ್ಲ, ಹಾಗಾಗಿ ಗುಂಡಿಗೆ ಬಿದ್ದಾಗ ಬಗ್ಗುವುದು ಹೆಚ್ಚಾಗಿ ಒಳಗಿನ ಅಂಚೇ. ನಿಮ್ಮದೂ ಹಾಗೆಯೇ ಆಗಿದೆ. ಇದು ಒಂದು ರೀತಿಯಲ್ಲಿ ಒಳ್ಳೆ ಸುದ್ದಿ. ಒಳ ಅಂಚಿನ ಸಣ್ಣ ಬಾಗು ಸರಿ ಮಾಡಬಹುದಾದ ಹಾನಿ. ಸ್ಪೋಕ್ ಬಗ್ಗಿದ್ದರೆ, ಸ್ಪೋಕ್‌ನಲ್ಲಿ ಅಥವಾ ನಡುವಿನ ಬೋಲ್ಟ್ ಕೂರುವ ಕಡೆ ಕೂದಲೆಳೆಯಷ್ಟು ಬಿರುಕು ಕಂಡರೂ ಆ ರಿಮ್ಮನ್ನು ಮತ್ತೆ ಕಾರಿಗೆ ಹಾಕಬೇಡಿ. ಅದಕ್ಕೆ ಯಾವ ರಿಪೇರಿಯೂ ಇಲ್ಲ.

ನನಗೆ ಚಿಂತೆ ಇರುವುದು ಮಂಗಳೂರಿನ ಸುತ್ತಿಗೆಯ ಬಗ್ಗೆ. ಕಬ್ಬಿಣದ ರಿಮ್ಮನ್ನು ಬಡಿದು ನೇರ ಮಾಡಬಹುದು, ನಮ್ಮಲ್ಲಿ ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಆ ಕೈಚಳಕ ಇದೆ, 200-300 ರೂಪಾಯಿಯ ಕೆಲಸ. ಅಲಾಯ್ ಅನ್ನುವುದು ಅಚ್ಚಿಗೆ ಸುರಿದು ಮಾಡಿದ ಅಲ್ಯುಮಿನಿಯಂ. ಕಬ್ಬಿಣದಷ್ಟು ಬಗ್ಗುವ ಗುಣ ಅದಕ್ಕಿಲ್ಲ, ಸುತ್ತಿಗೆಯ ಹೊಡೆತಕ್ಕೆ ನೇರವಾಗುವ ಬದಲು ಬಿರಿಯಲೂಬಹುದು. ಇನ್ನು ಕೆಲವರು ಗ್ಯಾಸ್ ಬೆಂಕಿ ಹಿಡಿದು ಕಾಯಿಸಿ ಬಡಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಕಾರ್ಖಾನೆಯಲ್ಲಿ ಈ ರಿಮ್ಮನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ 150 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಬಲ ಬರಿಸಿರುತ್ತಾರೆ. ಅಂದಾಜಿಗೆ ಹಿಡಿದ ಬೆಂಕಿ ಆ ಬಲವನ್ನು ನಿಮಿಷಗಳಲ್ಲಿ ಕಳೆದುಬಿಡುತ್ತದೆ. ಹೊರಗಿಂದ ನೋಡಿದರೆ ರಿಮ್ ನೇರವಾಗಿರುತ್ತದೆ, ಬಣ್ಣವೂ ಹೊಡೆದಿರುತ್ತಾರೆ. ಮುಂದಿನ ಗುಂಡಿಗೆ ಅದೇ ಜಾಗ ಮೆದುವಾಗಿ ಮತ್ತೆ ಬಗ್ಗುತ್ತದೆ.

ಹಾಗಾದರೆ ಸರಿಯಾದ ರಿಪೇರಿ ಹೇಗಿರುತ್ತದೆ? ರಿಮ್ಮನ್ನು ಮಷಿನ್‌ಗೆ ಕಟ್ಟಿ ತಿರುಗಿಸಿ, ಡಯಲ್ ಗೇಜ್ ಇಟ್ಟು ಎಲ್ಲಿ ಎಷ್ಟು ಮಿ.ಮೀ. ಆಚೆ ಈಚೆ ಹೋಗಿದೆ ಅಂತ ಅಳೆಯುತ್ತಾರೆ. ಹೈಡ್ರಾಲಿಕ್ ಜ್ಯಾಕ್‌ನಿಂದ ನಿಧಾನವಾಗಿ ತಳ್ಳುತ್ತಾರೆ, ಬಿಸಿ ಕೊಟ್ಟರೂ ಅಳತೆ ನೋಡಿಕೊಂಡು ಸ್ವಲ್ಪವೇ ಕೊಡುತ್ತಾರೆ. ಕೊನೆಗೆ ಮತ್ತೆ ಅಳೆಯುತ್ತಾರೆ. ಹಾಸನದ ಆ 1,500ರ ಅಂಗಡಿಗೆ ಹೋದಾಗ ದುಡ್ಡಿನ ವಿಷಯ ತೆಗೆಯುವ ಮೊದಲು ಡಯಲ್ ಗೇಜ್ ತೋರಿಸಿ ಅನ್ನಿ. ಇದ್ದರೆ ಕೂತು ಮಾತಾಡಿ. ಇಲ್ಲದಿದ್ದರೆ ಅದೂ ಸುತ್ತಿಗೆ ಅಂಗಡಿಯೇ, ರಿಮ್ ಮಾತ್ರ ಬಿಚ್ಚಿ ಬೆಂಗಳೂರಿಗೋ ಮೈಸೂರಿಗೋ ಕಳಿಸಿ.

ಇನ್ನೊಂದು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಡೈ ಟೆಸ್ಟ್ ಅಂತಾರೆ. ಬಡಿದ ಜಾಗವನ್ನು ತೊಳೆದು ಕೆಂಪು ಬಣ್ಣದ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ವೆಲ್ಡಿಂಗ್, ಎಂಜಿನ್ ಕೆಲಸ ಮಾಡುವ ಒಳ್ಳೆ ವರ್ಕ್‌ಶಾಪ್‌ಗಳಲ್ಲಿ ಈ ಮೂರು ಡಬ್ಬಿ ಇದ್ದೇ ಇರುತ್ತವೆ, ಖರ್ಚು ಕೆಲವು ನೂರು ಮಾತ್ರ. ನಿಮ್ಮ ರಿಮ್ ಒಮ್ಮೆ ಸುತ್ತಿಗೆ ಏಟು ತಿಂದಿರುವುದರಿಂದ ಈ ಪರೀಕ್ಷೆ ಬಿಡಲೇಬೇಡಿ.

ಬಿರುಕು ಇಲ್ಲ ಅಂತಾದರೆ ಒಳ ಅಂಚಿನ ಬಾಗು ತೆಗೆಯಲು 1,000ದಿಂದ 2,500 ನ್ಯಾಯವಾದ ರೇಟು, 1,500 ಅದರೊಳಗೇ ಬಂತು. ಒಳ ಅಂಚಿನಲ್ಲೇ ಸಣ್ಣ ಬಿರುಕು ಇದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಕೊಡುತ್ತಾರೆ, 2,000-3,000 ಆಗುತ್ತದೆ. ಗಾಳಿ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ವೆಲ್ಡಿಂಗ್‌ನ ಪಕ್ಕದ ಲೋಹ ಬಿಸಿಗೆ ಬಲ ಕಳೆದುಕೊಂಡಿರುತ್ತದೆ. ವೆಲ್ಡಿಂಗ್ ಆದ ರಿಮ್ ಅನ್ನು ಸ್ಟೆಪ್ನಿಗೆ ಇಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಘಾಟ್ ರಸ್ತೆಯಲ್ಲಿ ಓಡಾಡುವ ನಿಮಗಂತೂ ಮುಂದಿನ ಚಕ್ರಕ್ಕೆ ಅದು ಬೇಡವೇ ಬೇಡ. ಹೊಳಪಿಗೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಹಾನಿ ಒಳಗಡೆ ಇದೆ. ಡೈಮಂಡ್ ಕಟ್, ಅಂದರೆ ಹೊರಮುಖ ಕಡೆದು ಹೊಳಪು ಬರಿಸುವ ಕೆಲಸ, ಮಾಡಿಸೋಣ ಅಂತ ಅಂಗಡಿಯವರು ಇನ್ನೊಂದು ಮೂರು ನಾಲ್ಕು ಸಾವಿರ ಸೇರಿಸಲು ನೋಡಬಹುದು. ಬೇಡ ಅನ್ನಿ.

ರಿಮ್ ಬದಲಾಯಿಸಲೇಬೇಕು ಎಂದಾದರೂ 11,800 ಒಂದೇ ದಾರಿಯಲ್ಲ. ಕಾರು ತಗೊಂಡ ಕೂಡಲೇ ದೊಡ್ಡ ವೀಲ್ ಹಾಕಿಸಿಕೊಳ್ಳುವವರು ಬಿಚ್ಚಿಟ್ಟ ಕಂಪನಿ ರಿಮ್‌ಗಳು ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಕಡೆ ಹುಡುಕಿದರೆ ಹೊಸದರ ಅರ್ಧ ಬೆಲೆಗೆ ಸಿಗುತ್ತದೆ. ತಗೊಳ್ಳುವ ಮೊದಲು ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಿ ತಿರುಗಿಸಿ ತೋರಿಸಲು ಹೇಳಿ. ಬರೀ ಕಣ್ಣಿನಲ್ಲಿ ನೋಡಿ ತಂದರೆ ನಿಮ್ಮದೇ ಥರದ ಇನ್ನೊಬ್ಬರ ಬಗ್ಗಿದ ರಿಮ್ ಮನೆಗೆ ಬಂದಿರುತ್ತದೆ.

ಸ್ಟೀರಿಂಗ್ ನಡುಗುವುದಕ್ಕೂ ಬಗ್ಗಿದ ರಿಮ್ಮೇ ಕಾರಣ ಇರಬೇಕು. ಸಾಮಾನ್ಯವಾಗಿ ಮುಂದಿನ ಚಕ್ರದ ದೋಷ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ, ಹಿಂದಿನದು ಸೀಟಿನಲ್ಲಿ. ಬಗ್ಗಿದ ರಿಮ್ಮಿಗೆ ಎಷ್ಟೇ ತೂಕದ ತುಂಡು ಅಂಟಿಸಿದರೂ ಮಷಿನ್ ಸೊನ್ನೆ ತೋರಿಸುತ್ತದೆ, ರಸ್ತೆಗೆ ಇಳಿದರೆ ನಡುಕ ಹಾಗೇ ಇರುತ್ತದೆ. ದುಂಡಗಿಲ್ಲದ್ದನ್ನು ತೂಕ ದುಂಡಗೆ ಮಾಡುವುದಿಲ್ಲ. ರಿಮ್ ಮತ್ತು ಟೈರ್ ಸರಿಯಾದ ಮೇಲೂ ನಡುಕ ಉಳಿದರೆ ಆಗ ಬೇರಿಂಗ್, ಟೈ ರಾಡ್ ಕಡೆ ನೋಡೋಣ.

ಎರಡು ಟೈರ್ ಬೇಕಾ? ನಿಯಮದಂತೆ ಹೇಳಿದರೆ ಒಂದೇ ಆಕ್ಸಲ್‌ನಲ್ಲಿ ಎರಡೂ ಟೈರ್ ಒಂದೇ ಥರ ಸವೆದಿರಬೇಕು. ಶೋರೂಮ್‌ನವರು ತಪ್ಪು ಹೇಳಿಲ್ಲ, ಆದರೆ ಅಳತೆ ಮಾಡಿದ್ದಾರಾ ಅಂತ ಕೇಳಿ. ಹೊಸ ಟೈರ್‌ನ ಹಿಡಿತದ ಗೆರೆಗಳು, ಅಂದರೆ ಟ್ರೆಡ್, 7-8 ಮಿ.ಮೀ. ಆಳ ಇರುತ್ತದೆ. ಕಾನೂನಿನ ಕನಿಷ್ಠ 1.6. 34 ಸಾವಿರ ಓಡಿದ ನಿಮ್ಮ ಉಳಿದ ಟೈರ್‌ಗಳಲ್ಲಿ 4 ಮಿ.ಮೀ. ಮೇಲಿದ್ದರೆ ಒಂದೇ ಟೈರ್ ತಗೊಳ್ಳಿ, ಉಳಿದ ಮೂರರಲ್ಲಿ ಕಮ್ಮಿ ಸವೆದದ್ದನ್ನು ಅದರ ಜೋಡಿಯಾಗಿ ಹಾಕಿ. ಅದೇ ಕಂಪನಿ, ಅದೇ ಮಾಡೆಲ್ ಆದರೆ ಒಳ್ಳೆಯದು. 3ಕ್ಕಿಂತ ಕೆಳಗಿದ್ದರೆ ಇನ್ನು ಒಂದು ಮಳೆಗಾಲ ಅವು ಹೇಗೂ ಬಾಳುವುದಿಲ್ಲ, ಎರಡು ತಗೊಳ್ಳುವುದೇ ಸರಿ. (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗಳಲ್ಲಿ ಮಾತ್ರ ಈ ವ್ಯತ್ಯಾಸದ ಬಗ್ಗೆ ಕಟ್ಟುನಿಟ್ಟು ಬೇಕು. ನಿಮ್ಮದು ಅದಲ್ಲ.)

ಎರಡು ತಗೊಂಡರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ, ಎಂಜಿನ್ ಮುಂದೆ ಇದೆ, ಸ್ಟೀರಿಂಗ್ ಮುಂದೆ ಇದೆ, ಹೊಸದು ಮುಂದೆಯೇ ಇರಬೇಕು ಅಂತ. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ಬಿಟ್ಟರೆ ಕಾರು ನೇರ ಹೋಗುತ್ತದೆ, ಆಕ್ಸಲರೇಟರ್ ಬಿಟ್ಟರೆ ಸುಧಾರಿಸುತ್ತದೆ. ಹಿಂದಿನದು ಹಿಡಿತ ಬಿಟ್ಟರೆ ಬಾಲ ಬೀಸಿ ಗಿರಕಿ ಹೊಡೆಯುತ್ತದೆ. ಮಳೆಯಲ್ಲಿ ಘಾಟ್ ಇಳಿಯುವ ಯಾರಿಗಾದರೂ ಯಾವುದು ಬೇಡ ಅಂತ ಹೇಳಿಕೊಡಬೇಕಿಲ್ಲ.

ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಕೂಡಿಸುವ ಕೆಳಗಿನ ತೋಳು) ಬಗ್ಗೆ ನನಗೆ ಅನುಮಾನವಿದೆ. ಬಗ್ಗಿರಲೂಬಹುದು, ಅಂಥ ಹೊಡೆತಕ್ಕೆ ಅದು ಅಪರೂಪವೇನಲ್ಲ. ಆದರೆ ಅಲೈನ್‌ಮೆಂಟ್ ಮಷಿನ್‌ಗೆ ಹಾಕದೆ ಹೇಗೆ ಗೊತ್ತಾಯಿತು? ನಿಮ್ಮಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನ ಚಕ್ರದ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಸರಿಹೊಂದಿಸಬಹುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷದ ವಾಲು) ಎರಡಕ್ಕೂ ಸಾಮಾನ್ಯವಾಗಿ ತಿರುಗಿಸುವ ಬೋಲ್ಟೇ ಇರುವುದಿಲ್ಲ. ಹಾಗಾಗಿ ಪ್ರಿಂಟ್‌ಔಟ್‌ನಲ್ಲಿ ಎಡಗಡೆಯ ಕ್ಯಾಂಬರ್ ಅಥವಾ ಕ್ಯಾಸ್ಟರ್ ಕೆಂಪಾಗಿ (ಮಿತಿ ಮೀರಿ), ಬಲಗಡೆಯದು ಹಸಿರಾಗಿ (ಮಿತಿಯೊಳಗೆ) ಬಂದರೆ ಏನೋ ಬಗ್ಗಿದೆ ಅಂತ ಖಚಿತ. ಆಗ ಆರ್ಮ್ ಇರಬಹುದು, ಸ್ಟ್ರಟ್ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್) ಇರಬಹುದು, ಬಿಚ್ಚಿ ನೋಡಲಿ. ಎಲ್ಲ ಹಸಿರು ಬಂದರೆ 3,900 ಉಳಿಯಿತು. ಪ್ರಿಂಟ್‌ಔಟ್ ಕೇಳಿ ತಗೊಳ್ಳಿ, ಅದು ನಿಮ್ಮ ಹಕ್ಕು. ಒಂದು ಮಾತು ನೆನಪಿರಲಿ: ಬಗ್ಗಿದ ರಿಮ್ ಹಾಕಿಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಅಂಕಿ ಎಲ್ಲ ಸುಳ್ಳು ಬರಬಹುದು, ರಿಮ್ ಸರಿಯಾದ ಮೇಲೆಯೇ ಮಾಡಿಸಿ.

ಈಗ ಲೆಕ್ಕ. ಡೈ ಟೆಸ್ಟ್‌ನಲ್ಲಿ ಬಿರುಕು ಇಲ್ಲ, ಅಲೈನ್‌ಮೆಂಟ್ ಅಂಕಿ ಸರಿ ಇದೆ ಅಂದುಕೊಳ್ಳಿ. ಹೊರಗಿನ ಟೈರ್ ಅಂಗಡಿಯಲ್ಲಿ ನಿಮ್ಮ ಸೈಜ್‌ನ ಒಂದು ಟೈರ್ ಸುಮಾರು 7,000, ರಿಮ್ ರಿಪೇರಿ 1,500, ಟೆಸ್ಟ್ ಮತ್ತು ಹೊಸ ವಾಲ್ವ್ 500, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 1,000. ಹತ್ತು ಸಾವಿರಕ್ಕೆ ಮುಗಿಯಿತು. ರಿಮ್ ಬಿರುಕು ಬಿಟ್ಟಿದ್ದು ಹಳೇದೊಂದು ಹುಡುಕಿ ಹಾಕಿದರೆ 14-15 ಸಾವಿರ. ರಿಮ್ಮೂ ಹೋಗಿ, ಆರ್ಮೂ ಬಗ್ಗಿ, ಟ್ರೆಡ್ಡೂ ಸವೆದಿದ್ದರೆ ಮಾತ್ರ ಶೋರೂಮ್‌ನ 34 ಸಾವಿರದ ಹತ್ತಿರ ಬರುತ್ತೀರಿ.

ಇನ್ಶೂರೆನ್ಸ್ ವಿಷಯಕ್ಕೆ ಬರೋಣ. ಸಾಮಾನ್ಯ ಪಾಲಿಸಿಯಲ್ಲಿ ಬರೀ ಟೈರ್‌ಗೆ ಹಾನಿಯಾದರೆ ಪೈಸೆಯೂ ಸಿಗುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಹಾನಿಯಾಗಿದ್ದರೆ ಟೈರ್ ಬೆಲೆಯ ಅರ್ಧ ಕೊಡುತ್ತಾರೆ. ಗಾಡಿ ಜೊತೆಗೆ ಬಂದ ರಿಮ್ ಗಾಡಿಯ ಭಾಗವೇ ಆಗಿರುವುದರಿಂದ ನಿಮ್ಮ ಕೇಸಿನಲ್ಲಿ ಟೈರ್‌ನ ಅರ್ಧ ಕೇಳಲು ದಾರಿ ಇದೆ. ಹಾನಿಯಾಗದ ಎರಡನೇ ಟೈರ್‌ಗೆ ಏನೂ ಬರುವುದಿಲ್ಲ. ಇದನ್ನು ಶೋರೂಮ್‌ನವರು ಬಿಲ್ ಕಟ್ಟುವ ದಿನದವರೆಗೂ ಹೇಳುವುದಿಲ್ಲ.

ರಿಮ್ ಲೋಹದ ಭಾಗ, ಕಾರಿಗೆ ಮೂರು ವರ್ಷ ದಾಟಿ ನಾಲ್ಕು ಆಗಿಲ್ಲ, ಹಳೆಯದಾದ್ದಕ್ಕೆ ಕಂಪನಿ ಕಳೆಯುವ ಸವಕಳಿ ಶೇ 25. ಅಂದರೆ 11,800ರಲ್ಲಿ 8,850 ಸಿಗುತ್ತದೆ. ಒಂದು ಟೈರ್‌ನ ಅರ್ಧ 3,700. ಲೇಬರ್, ಅಲೈನ್‌ಮೆಂಟ್ ಅಂತ 3,000 ಒಪ್ಪಿದರು ಅನ್ನೋಣ. 1,500 ಸಿಸಿವರೆಗಿನ ಕಾರಿಗೆ ನೀವೇ ಹಾಕಬೇಕಾದ ಕಡ್ಡಾಯ ಪಾಲು 1,000 ಕಳೆಯಿರಿ. ಒಟ್ಟು 14,550. ಆರ್ಮ್ ನಿಜಕ್ಕೂ ಬಗ್ಗಿದ್ದರೆ ಅದರ ಮುಕ್ಕಾಲು ಪಾಲು ಸೇರುತ್ತದೆ.

ಇನ್ನೊಂದು ಬದಿ ನೋಡಿ. ಕ್ಲೈಮ್ ಮಾಡದ ಮೂರು ವರ್ಷಕ್ಕೆ ಈಗ ನಿಮಗೆ ಶೇ 35 ನೋ ಕ್ಲೈಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಇದೆ, ಮುಂದಿನ ವರ್ಷ 45, ಆಮೇಲೆ 50. ಒಂದು ಕ್ಲೈಮ್ ಮಾಡಿದರೆ ಸೊನ್ನೆಗೆ ಇಳಿದು ಮತ್ತೆ 20, 25, 35, 45 ಅಂತ ಹತ್ತಬೇಕು. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ಸ್ವಂತ ಕಾರಿನ ಹಾನಿಗೆ ಕಟ್ಟುವ ಕಂತು) 7,000 ಅಂತ ಇಟ್ಟುಕೊಂಡರೆ ಮೊದಲ ವರ್ಷ 3,150, ಎರಡನೇ ವರ್ಷ 2,100, ಹೀಗೆ ಮತ್ತೆ 50 ಮುಟ್ಟುವಷ್ಟರಲ್ಲಿ ಎಂಟು ಸಾವಿರ ಚಿಲ್ಲರೆ ಕೈಬಿಡುತ್ತದೆ. ಕಾರಿನ ಮೌಲ್ಯ ಇಳಿದಂತೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಏಳು ಸಾವಿರ ಅಂತ ಹಿಡಿಯಿರಿ. ಅಂದರೆ 14,550 ಪಡೆದು 7,000 ಬಿಟ್ಟರೆ ಲಾಭ ಏಳೂವರೆ ಸಾವಿರ. ಅದೂ 34,700 ಬಿಲ್ ಮಾಡಿದರೆ, ಉಳಿದ 20 ಸಾವಿರ ನಿಮ್ಮ ಜೇಬಿನಿಂದಲೇ. ಹೊರಗೆ ಹತ್ತು ಸಾವಿರಕ್ಕೆ ಮುಗಿಯುವುದಾದರೆ ಕ್ಲೈಮ್ ಯಾಕೆ ಮಾಡುತ್ತೀರಿ? ರಿಮ್, ಆರ್ಮ್ ಎರಡೂ ಹೋಗಿದ್ದರೆ ಮಾತ್ರ ಯೋಚಿಸಿ. ಆಗಲೂ ಒಂದು ತೊಡಕಿದೆ. ಘಟನೆ ಆಗಿ ತಿಂಗಳಾಗಿದೆ, ರಿಮ್ ಬಡಿಸಿದ್ದೀರಿ, ಟ್ಯೂಬ್ ಹಾಕಿಸಿದ್ದೀರಿ. ತಡವಾಗಿ ತಿಳಿಸಿದ್ದಕ್ಕೂ, ಸರ್ವೇಯರ್ ನೋಡುವ ಮೊದಲೇ ಕೆಲಸ ಮಾಡಿಸಿದ್ದಕ್ಕೂ ಕಂಪನಿ ತಕರಾರು ತೆಗೆಯಬಹುದು.

ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ರಕ್ಷಣೆ) ಇದೆ ಅಂತ ಧೈರ್ಯವಾಗಿರುವವರಿಗೂ ಒಂದು ಮಾತು. ಎಷ್ಟೋ ಪಾಲಿಸಿಗಳಲ್ಲಿ ಝೀರೋ ಡೆಪ್ ಟೈರ್, ಟ್ಯೂಬ್, ಬ್ಯಾಟರಿಗೆ ಅನ್ವಯಿಸುವುದಿಲ್ಲ. ಟೈರ್‌ಗೆಂದೇ ಬೇರೆ ಆಡ್ ಆನ್ ಇದೆ. ಉಬ್ಬು, ಸೀಳು, ಸಿಡಿತ ಅದರಲ್ಲಿ ಬರುತ್ತದೆ, ಪಂಕ್ಚರ್ ಮತ್ತು ಸವೆತ ಬರುವುದಿಲ್ಲ, ಎಷ್ಟು ಟ್ರೆಡ್ ಉಳಿದಿದೆ ಅನ್ನುವುದರ ಮೇಲೆ ದುಡ್ಡು. ವಾರಕ್ಕೊಮ್ಮೆ ಘಾಟ್ ಹತ್ತುವವರಿಗೆ ಬೇಕು, ಊರೊಳಗೆ ಓಡಿಸುವವರಿಗೆ ಅಷ್ಟೇನೂ ಬೇಡ.

ಟೈರ್ ಕಂಪನಿಯ ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಗುಂಡಿಗೆ ಬಿದ್ದು ಬಂದ ಉಬ್ಬನ್ನು ಒಳಗೆ ಕೈ ಹಾಕಿ ನೋಡಿದ ಕೂಡಲೇ ಅವರು ಗುರುತು ಹಿಡಿಯುತ್ತಾರೆ. ಆದರೆ ಕೆಲವು ಕಂಪನಿಗಳು ಕೆಲವು ಮಾಡೆಲ್‌ಗಳಿಗೆ ಇಂತಿಷ್ಟು ಅವಧಿಗೆ ಷರತ್ತಿಲ್ಲದ ವಾರಂಟಿ ಕೊಡುತ್ತವೆ. ಹೊಸ ಟೈರ್ ತಗೊಳ್ಳುವಾಗ ಕೇಳಿ, ಇದ್ದರೆ ಅಂಗಡಿಯಲ್ಲಿ ನಿಂತೇ ನೋಂದಣಿ ಮಾಡಿಸಿ, ಆಮೇಲೆ ಮಾಡೋಣ ಅಂದರೆ ಮರೆತುಹೋಗುತ್ತದೆ.

ತಗೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕಂಕಿ ನೋಡಿ. 2625 ಎಂದಿದ್ದರೆ 2025ರ 26ನೇ ವಾರದ್ದು. ಒಂದು ವರ್ಷಕ್ಕಿಂತ ಹಳೇದಾದರೆ ಬೆಲೆ ಇಳಿಸಿ ಅನ್ನಿ. ಸೈಜ್ ಪಕ್ಕದ 87 ಅನ್ನುವ ಅಂಕಿ ಒಂದು ಟೈರ್ 545 ಕೆ.ಜಿ. ಹೊರಬಲ್ಲದು ಅಂತ. ಹಳೆ ಟೈರ್‌ನಲ್ಲಿದ್ದ ಅಂಕಿಗಿಂತ ಕಡಿಮೆಯದು ಬೇಡ. ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 6,000 ಇರುವ ಟೈರ್ ಮೊದಲು 7,680 ಆಗುತ್ತಿತ್ತು, ಈಗ 7,080. ಶೋರೂಮ್ ಎಸ್ಟಿಮೇಟ್‌ನಲ್ಲಿ ಹಳೇ ರೇಟು ಉಳಿದಿದೆಯಾ ನೋಡಿ. "ಇತರೆ 600"ರಲ್ಲಿ ನೈಟ್ರೋಜನ್ ಇದ್ದರೆ ಬೇಡ ಅನ್ನಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್. ಅದಕ್ಕಿಂತ ಎರಡು ವಾರಕ್ಕೊಮ್ಮೆ, ಕಾರು ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗ ಗಾಳಿ ನೋಡುವುದು ಹೆಚ್ಚು ಉಪಯೋಗ. ಕೆಟ್ಟ ರಸ್ತೆಗೆ ಅಂತ ಗಾಳಿ ಕಮ್ಮಿ ಮಾಡುವವರಿದ್ದಾರೆ. ಗಾಳಿ ಕಮ್ಮಿಯಿದ್ದಷ್ಟೂ ಸೈಡ್‌ವಾಲ್ ರಿಮ್ಮಿಗೆ ಬೇಗ ಸಿಕ್ಕಿಕೊಳ್ಳುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಏನಿದೆಯೋ ಅಷ್ಟಿರಲಿ. ಗುಂಡಿ ತಪ್ಪಿಸಲು ಆಗಲಿಲ್ಲ ಅಂದರೆ ಬ್ರೇಕ್ ಒತ್ತಿಕೊಂಡೇ ಅದರೊಳಗೆ ಹೋಗಬೇಡಿ. ಬ್ರೇಕ್ ಹಿಡಿದಾಗ ಮೂತಿ ಕೆಳಗೆ ಬಾಗಿ ಮುಂದಿನ ಚಕ್ರದ ಮೇಲೆ ಭಾರ ಬಿದ್ದಿರುತ್ತದೆ. ಮೊದಲೇ ವೇಗ ಇಳಿಸಿ, ಬೀಳುವ ಕ್ಷಣದಲ್ಲಿ ಪೆಡಲ್ ಬಿಡಿ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ನಿಮ್ಮ ಕಾರಿನದೇ ಕೆಳಗಿನ ವೇರಿಯಂಟ್‌ಗಳು 185/65 ಆರ್15 ಟೈರ್‌ನಲ್ಲಿ ಬರುತ್ತವಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಸ್ಟೆಪ್ನಿ 15 ಇಂಚು ಇರುವುದು ನೋಡಿದರೆ ಬರುತ್ತಿರಬೇಕು. ಈ ಎರಡು ಸೈಜ್‌ಗಳ ಒಟ್ಟು ಎತ್ತರ ಹೆಚ್ಚುಕಮ್ಮಿ ಒಂದೇ, ಎರಡೂ 621 ಮಿ.ಮೀ. ಆಸುಪಾಸು, ಸ್ಪೀಡೋಮೀಟರ್ ವ್ಯತ್ಯಾಸ ಬರುವುದಿಲ್ಲ. ಆದರೆ ಸೈಡ್‌ವಾಲ್ 107ರ ಬದಲು 120 ಮಿ.ಮೀ. ಸಿಗುತ್ತದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ 13 ಮಿ.ಮೀ. ಜಾಸ್ತಿ ರಬ್ಬರ್. ಟೈರ್ ಬೆಲೆಯೂ ಒಂದೂವರೆ ಸಾವಿರದಷ್ಟು ಕಮ್ಮಿ. ನೋಡಲು ಚಕ್ರ ಚಿಕ್ಕದಾಗಿ ಕಾಣುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಒಂಚೂರು ಸಡಿಲ ಅನ್ನಿಸಬಹುದು, ಅಷ್ಟೇ. ನಾಲ್ಕೂ ಒಟ್ಟಿಗೆ ಬದಲಾಯಿಸಬೇಕಾದ್ದರಿಂದ ಈಗಲೇ ಬೇಡ. ಉಳಿದ ಮೂರು ಟೈರ್ ಸವೆದು ಮುಗಿದಾಗ, ಬಹುಶಃ ಮುಂದಿನ ವರ್ಷ, ನಾಲ್ಕು ಕಬ್ಬಿಣದ ರಿಮ್ ಮತ್ತು 15 ಇಂಚಿನ ಟೈರ್‌ಗೆ ರೇಟು ಕೇಳಿ, 16 ಇಂಚಿನ ನಾಲ್ಕು ಟೈರ್ ರೇಟಿನ ಪಕ್ಕ ಇಟ್ಟು ನೋಡಿ. ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗುತ್ತದಾ ಅಂತ ಒಂದನ್ನು ಹಾಕಿಸಿ, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ.